ದಿಯೊಲಿಂದಾಳ ಮೂಗಿಗೆ ಮೊಳೆ

ಎತೆಲ್ವಿನಾಳ ಹೊಟ್ಟೆಕಿಚ್ಚಿನಲ್ಲಿ ಮೌಬಿಸಿಯ ಅರ್ಧ ಊರಿನ ಕಾಫಿ ಕುದಿಯುತ್ತಿತ್ತು; ಉಳಿದರ್ಧ ಊರು ಸುಮ್ಮನೆ ಸೌದೆ ದಂಡ ಮಾಡುತ್ತಿತ್ತು.

ಕಿಚ್ಚಿಗೆ ಕಾರಣ ದಿಯೊಲಿಂದಾ. ಎತೆಲ್ವಿನಾಳ ಗಂಡ ಲಂಬೆರ್ತೊ ಹೆಣ್ಣು ಕೇಳಲು ಮೊದಲು ಎಮ್ಮೆ ಹೊಡೆದುಕೊಂಡು ಹೋದದ್ದು ದಿಯೊಲಿಂದಾಳ ಮನೆಗೆ. ಹೆಣ್ಣಿನ ತೆರಕ್ಕೆ ಇಷ್ಟು ಎಮ್ಮೆ ಸಾಲದೆಂದು ಅವಳಪ್ಪ ಅಟ್ಟಿದ. ಲಂಬೆರ್ತೊ ಅದೇ ಎಮ್ಮೆಗಳನ್ನು ಹಾಗೇ ತಿರುಗಿಸಿ ಎತೆಲ್ವಿನಾಳ ಅಂಗಳಕ್ಕೆ ನುಗ್ಗಿಸಿದ್ದ!

ಈಗ ಇಂಡೊನೇಷ್ಯಾದವರು ತೊಲಗಿ, ಹೊಸ ದೇಶದ ಸಂವಿಧಾನ ಬರೆಯುವವರನ್ನು ಆರಿಸುವ ಮೊದಲ ಚುನಾವಣೆ ಬಂದರೆ, ಕಣದಲ್ಲಿ ಇದೇ ದಿಯೊಲಿಂದಾ. ಮತಪತ್ರದಲ್ಲಿ ಅವಳ ಫೋಟೋ. ಬೇಕಾದವರಿಗೆ ಮೊಳೆ ಚುಚ್ಚಬೇಕು, ಅದೇ ಮತ.

ಗುಡ್ಡದ ಮೇಲಿನ ಮತಗಟ್ಟೆಯ ಸರತಿಯ ಬಾಲ ದೂರದ ಸಮುದ್ರದಲ್ಲಿ ನೆನೆಯುತ್ತಿತ್ತು. "ಪರದೆ ಹಿಂದೆ ನೀವೊಬ್ರೇ ಅವಳ ಮುಖ ನೋಡ್ಕೊಂಡು ನಿಲ್ತೀರಾ? ನಾನೂ ಬರ್ತೀನಿ," ಎಂದಳು ಎತೆಲ್ವಿನಾ.

"ಗುಟ್ಟಿನ ಮತ ಕಣೇ ಇದು!"

ಲಂಬೆರ್ತೊ ಹೊರಬರುವಷ್ಟರಲ್ಲಿ ಸರತಿಯಲ್ಲಿದ್ದ ಕೂಸುಗಳಿಗೆ ಮೀಸೆ ಮೂಡಿತ್ತು.

"ಚುಚ್ಚಿದ್ರಾ ಅವಳಿಗೆ?"

"ಇಲ್ಲ ಮಾರಾಯ್ತಿ. ಪಕ್ಕದ ಫೋಟೋದ ಮುದುಕನಿಗೆ ಚುಚ್ಚಿದೆ. ಆ ಮುಖಕ್ಕೆ ಮೊಳೆ ಹೊಡೆಯೋಕೆ ಕೈ ಬರ್ಲಿಲ್ಲ."

ಅವಳಿಗೇ ಮತ ಹಾಕಿದ್ದರೆ ಹೇಗೋ ಕ್ಷಮಿಸುತ್ತಿದ್ದಳು. ಇದು ಸಹಿಸುವ ಮಾತೇ? "ನನ್ನ ಕಾಲಿನ ಮುಳ್ಳು ತೆಗೀವಾಗ ಗೆಡ್ಡೆ ಅಗೆದ ಹಾಗೆ ಅಗೆದ್ರಲ್ಲ, ಆಗ ಚೆನ್ನಾಗಿ ಬಂದಿತ್ತು ಕೈ!"

ಧುಮುಗುಡುತ್ತ ಒಳಹೊಕ್ಕಳು. ಫೋಟೋದಲ್ಲಿ ದಿಯೊಲಿಂದಾ ಹಲ್ಲು ಬಿಡುತ್ತಿದ್ದಳು. ಎತೆಲ್ವಿನಾ ಮೊಳೆ ಎತ್ತಿ ಗಕ್ಕನೆ ನಿಂತಳು. ಚುಚ್ಚಿದರೆ ಮತ ಅವಳಿಗೇ ಅಲ್ಲವೇ! ಚುಚ್ಚದಿದ್ದರೆ ಸೋಲುತ್ತಾಳೆ. ಸೋತರೆ ಇಲ್ಲೇ ಇರುತ್ತಾಳೆ, ಅದೇ ಬುಗ್ಗೆಗೆ ನೀರಿಗೆ ಬಂದು ಮೂಗೊರೆಸುತ್ತ ಅಳುತ್ತಾಳೆ. ಸಮಾಧಾನ ಹೇಳಲು ಮೊದಲು ಓಡುವವನು ಯಾರು? ಲಂಬೆರ್ತೊ! ಗೆದ್ದರೋ, ಸಂವಿಧಾನ ಬರೆಯಲು ರಾಜಧಾನಿ ದಿಲಿಗೆ ಹೋಗಬೇಕು. ಅದು ಗುಡ್ಡಗಳಾಚೆ.

ಮೊಳೆ ಮೂಗಿನ ನಟ್ಟನಡುವೆ ಇಳಿಯಿತು. ಕಾಗದ ದಾಟಿ, ಮೇಜು ದಾಟಿ, ನೆಲದೊಳಗಿನ ಎರೆಹುಳುವನ್ನೂ ಎಬ್ಬಿಸಿತು.

ತಾನು ಹಾಕಿದ ಒಂದೇ ಮತದಿಂದ ದಿಯೊಲಿಂದಾ ಗೆದ್ದಳೆಂದು ಎತೆಲ್ವಿನಾ ಇಂದಿಗೂ ಸಾಧಿಸುತ್ತಾಳೆ. ಎಣಿಸಿದವರು ಸಾವಿರಗಟ್ಟಲೆ ಎನ್ನುತ್ತಾರೆ, ಎಣಿಸಿದವರಿಗೇನು ಗೊತ್ತು?

ದಿಲಿಗೆ ಹೋಗುವ ಲಾರಿ ಬಂದಾಗ ದಿಯೊಲಿಂದಾಳ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಂದವಳೂ ಅವಳೇ. ಲಂಬೆರ್ತೊ ಮಳೆಗೆ ಸಿಕ್ಕ ಹುಂಜದ ಹಾಗೆ ಬೇಲಿಗೊರಗಿದ್ದ.

ದಿಯೊಲಿಂದಾ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ಅಕ್ಕಾ, ನೀವು ನನಗೇ ಹಾಕಿದ್ರಂತೆ!"

"ಮನಸಾರೆ ಹಾಕಿದೆ ತಂಗಿ," ಎಂದಳು ಎತೆಲ್ವಿನಾ, ಅವಳನ್ನು ಲಾರಿಗೆ ದಬ್ಬುತ್ತ. "ಸಂವಿಧಾನ ನಿಧಾನಕ್ಕೆ ಬರಿಯಮ್ಮ. ಅವಸರವೇನೂ ಇಲ್ಲ. ತಪ್ಪಾದ್ರೆ ಮತ್ತೆ ಮೊದಲಿಂದ ಬರಿ."