ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಕೊಬ್ಬಿಗೆ ವರುಷ, ಗುಂಡಿಗೆಗೆ ನಿಮಿಷ.

ಈ ಗಾದೆಯ ನಿಜವಾದ ಒಡೆಯ ಕುಂಬಾರ ಎಂದು ನನಗೂ ಗೊತ್ತು. ಅವನ ಮಡಕೆಯನ್ನೂ ಅವರಿವರ ದೊಣ್ಣೆಯನ್ನೂ ಬದಿಗೆ ಸರಿಸಿ, ನನ್ನ ಅಳತೆಗೆ ತಕ್ಕಂತೆ ಬಿಚ್ಚಿ ಹೊಲಿದುಕೊಂಡಿದ್ದೇನೆ. ದರ್ಜಿ ಮನೆಯಲ್ಲಿ ಹುಟ್ಟಿದವನಿಗೆ ಅಷ್ಟು ಹಕ್ಕಿದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಇದೊಂದು ಗಾದೆಯಾದರೂ ಸುಳ್ಳಾಗಲಿ ಎಂದು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೇಡಿಕೊಂಡೆ. ಆಗಲಿಲ್ಲ. ಹಾಗಾಗಿ ಇದು ನಡೆದ ಕಥೆ. ಧ್ವನಿಗಳು ಮಾತ್ರ ನನ್ನ ಅನುಕರಣೆ.

ಅಪ್ಪನ ಅಂಗಡಿ ಹಿಡಿದು ಅಣ್ಣ ದರ್ಜಿಯಾದ. ನಾನು ಮೂರನೇ ದರ್ಜೆಯಲ್ಲಿ ಪದವಿ ಹಿಡಿದು ಬಸ್ ನಿಲ್ದಾಣ ಸೇರಿದೆ. ಮೇಲಿನ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಕೂಗುವ ಕೆಲಸ. ಅಣ್ಣ ಒಣಗಿದ ಕಡ್ಡಿಯಂಥವನು. ಬೀದಿಯವರೆಲ್ಲ ಅವನನ್ನು ಸೂಜಿ ಎನ್ನುತ್ತಿದ್ದರು. ನನ್ನನ್ನು ಅವನು ಗುಡಾಣ ಎನ್ನುತ್ತಿದ್ದ. ಅತ್ತಿಗೆ ಅಂಗಡಿಯಲ್ಲೇ ಒಂದು ಮೂಲೆಯಲ್ಲಿ ಕೂತು ಕಾಜಾ ಕಟ್ಟಿ ಗುಂಡಿ ಹೊಲಿಯುತ್ತಿದ್ದರು. "ಅಣ್ಣನ ಗುಂಡಿಗೆ ಅತ್ತಿಗೆ ಕೈಯಲ್ಲಿದೆ" ಎಂದು ನಾನು ಗಿರಾಕಿಗಳೆದುರು ಹೇಳಿದಾಗಲೆಲ್ಲ ಅವರು ಹಲ್ಲಿನಲ್ಲಿದ್ದ ದಾರ ಕಡಿದು, "ಕೈ ತಪ್ಪಿದ್ರೆ ಸಿಗಲ್ಲ, ನೋಡ್ಕೊಂಡು ಮಾತಾಡಿ" ಎನ್ನುತ್ತಿದ್ದರು. ಆಗ ಎಲ್ಲರೂ ನಗುತ್ತಿದ್ದೆವು.

ಅಣ್ಣನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಅಳತೆ ತೆಗೆದ ಮೇಲೆ ಗಿರಾಕಿಯನ್ನು ಕೇಳುತ್ತಿದ್ದ: "ನಿಮ್ಮಪ್ಪಂದು ಸೊಂಟ ಹೇಗಿತ್ತು?" ಅಪ್ಪ ನಡುವಯಸ್ಸಿಗೆ ದಪ್ಪಗಾದವರಾದರೆ ಮಗನ ಪ್ಯಾಂಟಿನ ಹೊಲಿಗೆಯ ಒಳಗೆ ಹೆಚ್ಚು ಬಟ್ಟೆ ಬಿಡುತ್ತಿದ್ದ, ಮುಂದೆ ಬಿಚ್ಚಿ ಅಗಲ ಮಾಡಲು. "ವಂಶ ಅನ್ನೋದು ಸುಮ್ನೆ ಬಿಡಲ್ಲ. ಒಳಗೆ ಬಟ್ಟೆ ಬಿಟ್ಟಿದೀನಿ ಅಂದ್ರೆ ಈ ಮನುಷ್ಯ ಬಾಳ್ತಾನೆ, ಬೆಳೀತಾನೆ ಅಂತ ನಾನು ಬರೆದುಕೊಟ್ಟ ಹಾಗೆ" ಎನ್ನುತ್ತಿದ್ದ. ತನ್ನ ಬಟ್ಟೆಗೆ ಮಾತ್ರ ಒಂದು ಎಳೆಯನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ನನಗ್ಯಾಕೆ, ನಾನೆಲ್ಲಿ ಬೆಳೀತೀನಿ ಎಂಬ ಮಾತು ಸಿದ್ಧವಿತ್ತು.

ನಮ್ಮ ಅಪ್ಪನೂ ಸೂಜಿಯೇ. ಐವತ್ತು ಮುಟ್ಟುವ ಮೊದಲೇ ಒಂದು ಮಧ್ಯಾಹ್ನ ಇಸ್ತ್ರಿ ಹಾಕುತ್ತಾ ಹಾಕುತ್ತಾ ಕುಸಿದುಬಿದ್ದು ಹೋದರು. ಅವರ ಕೈಯಿಂದ ಜಾರಿದ ಇಸ್ತ್ರಿಪೆಟ್ಟಿಗೆ ಮೇಜನ್ನು ಸುಟ್ಟ ಕಂದು ಗುರುತು ಈಗಲೂ ಇದೆ. ಅಣ್ಣ ಬಟ್ಟೆ ಕತ್ತರಿಸುವಾಗ ಎಡಗೈಯನ್ನು ಅದರ ಮೇಲೇ ಊರುತ್ತಿದ್ದ.

ಒಮ್ಮೆ ಬಸ್ ನಿಲ್ದಾಣದ ನೌಕರರೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ನನ್ನ ಗಾತ್ರ ನೋಡಿದ ಸಹೋದ್ಯೋಗಿಗಳು ಆಗಲೇ ಮುಖ ಬಾಡಿಸಿಕೊಂಡಿದ್ದರು. ಡಾಕ್ಟರು ಮಾತ್ರ ನಿಧಾನದ ಮನುಷ್ಯ. ಮೂಗಿನಲ್ಲಿ ಹೂಂಗುಟ್ಟಿ ಮಾತು ಶುರು ಮಾಡಿ, ಪ್ರತಿ ಮಾತಿನ ಬಾಲಕ್ಕೂ ಒಂದು ಪ್ರಶ್ನೆ ಕಟ್ಟುವವರು.

"ಹೂಂ... ನೋಡಿ, ನಿಮ್ಮ ಕೊಬ್ಬೆಲ್ಲ ಮೈ ಮೇಲಿದೆ, ರಕ್ತದಲ್ಲಿ ಅಷ್ಟಿಲ್ಲ. ನಡೀಬೇಕು, ತೂಕ ಇಳಿಸ್ಬೇಕು. ಅರ್ಥ ಆಯ್ತಾ?"

"ಮಾತಲ್ಲೂ ಸ್ವಲ್ಪ ಇದೆ ಅಂತಾರೆ ಡಾಕ್ಟ್ರೇ."

ಅವರು ನಗಲಿಲ್ಲ. ವಯಸ್ಸು, ಬಿ.ಪಿ., ಸಕ್ಕರೆ, ಸಿಗರೇಟು ಎಲ್ಲ ಕೇಳುತ್ತಾ ಹೋಗಿ ಅಪ್ಪನ ವಿಷಯಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು. "ಅಷ್ಟು ಬೇಗ ಹೋದ್ರಾ? ಅಣ್ಣ ಇದಾರೆ ಅಂದ್ರಲ್ಲ. ಸಿಗರೇಟ್ ಸೇದ್ತಾರಾ? ಹಾಗಾದ್ರೆ ಅವರನ್ನ ನಾನು ಮೊದಲು ನೋಡ್ಬೇಕಿತ್ತು. ಸಣ್ಣಗಿದಾರೆ ಅನ್ನೋದು ಲೆಕ್ಕಕ್ಕಿಲ್ಲ. ಅರ್ಥ ಆಯ್ತಾ?"

ಅರ್ಥ ಆಗಬೇಕಾದದ್ದು ಅಣ್ಣನಿಗೆ. ಅಂಗಡಿಗೆ ಹೋಗಿ ಹೇಳಿದರೆ ಅವನು ಟೇಪನ್ನು ಕತ್ತಿನಿಂದ ತೆಗೆದು ತನ್ನ ಸೊಂಟಕ್ಕೆ ಸುತ್ತಿ ತೋರಿಸಿದ. "ನೋಡು. ಮದುವೆ ದಿನದ ಪ್ಯಾಂಟು ಇವತ್ತಿಗೂ ಹಿಡಿಯುತ್ತೆ. ಕೊಬ್ಬಂತೆ ಕೊಬ್ಬು! ನಿನ್ನ ಪಕ್ಕ ನಿಂತಿದೀನಲ್ಲ, ನೆರಳು ಬಿದ್ದಿರ್ಬೇಕು."

"ಗಿರಾಕಿ ಬಂದ್ರೆ ಅವರಪ್ಪನ ಸೊಂಟ ಕೇಳ್ತೀಯ. ನಮ್ಮಪ್ಪನ ಎದೆ ಯಾಕೆ ಕೇಳಲ್ಲ ನೀನು?"

ಅವನ ಎಡಗೈ ಕಂದು ಗುರುತಿನ ಮೇಲೆ ಹೋಯಿತು. "ಅಪ್ಪ ಕೆಲಸ ಮಾಡಿ ಮಾಡಿ ಹೋದ. ನನಗೆ ನೋವಿಲ್ಲ, ಸುಸ್ತಿಲ್ಲ. ಹರಿಯದ ಬಟ್ಟೆಗೆ ತೇಪೆ ಹಾಕ್ತಾರೇನೋ ಗುಡಾಣ?" ಎಂದು ಎದ್ದು ಹಿಂದಿನ ಓಣಿಗೆ ಹೋದ. ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು. ಅತ್ತಿಗೆ ನನ್ನ ಮುಖ ನೋಡಿದರು. ತಾವು ಹೇಳಿ ಹೇಳಿ ಸೋತದ್ದನ್ನು ನನಗೆ ವರ್ಗಾಯಿಸಿದಂತಿತ್ತು ಆ ನೋಟ.

ನನಗೆ ಬರುವುದು ಒಂದೇ ವಿದ್ಯೆ, ಅವರಿವರ ಧ್ವನಿ ಅನುಕರಿಸುವುದು. ಮರುದಿನ ಗಾಜಿನ ಗೂಡಿನ ಬಾಗಿಲು ಹಾಕಿಕೊಂಡು, ಮೈಕು ಆರಿಸಿ, ಅಂಗಡಿಗೆ ಫೋನು ಮಾಡಿದೆ. ಮೂಗಿಗೆ ಗಾಳಿ ತುಂಬಿಕೊಂಡು, "ಹೂಂ... ನೋಡಿ, ನಿಮ್ಮ ತಮ್ಮನ ವಿಷಯ. ಅವರಿಗೆ ಹೃದಯದ ಅಪಾಯ ಜಾಸ್ತಿ ಕಾಣ್ತಿದೆ. ಅವರಿಗೆ ಹೇಳೋಕೆ ಹೋಗ್ಬೇಡಿ, ಹೆದರ್ತಾರೆ. ಒಡಹುಟ್ಟಿದವರ ರಕ್ತ ನೋಡಿದ್ರೆ ನಮಗೆ ಲೆಕ್ಕ ಸಿಗುತ್ತೆ. ಅರ್ಥ ಆಯ್ತಾ?" ಎಂದೆ.

ಆ ಕಡೆ ಮಷೀನಿನ ಸದ್ದು ನಿಂತಿತು. ಆಮೇಲೆ, "ಆಯ್ತು ಡಾಕ್ಟ್ರೇ" ಎಂಬ ಧ್ವನಿ ಬಂತು. ಅದನ್ನು ನಾನು ಇವತ್ತಿಗೂ ಅನುಕರಿಸಲಾರೆ.

ನಗು ಬರಬೇಕಿತ್ತು. ಸ್ವಲ್ಪ ಹೊತ್ತಿಗೆ ಕೆಳಗೆ ನೋಡಿದರೆ, ಹಾಡಹಗಲು ಎಂದೂ ಅಂಗಡಿ ಮುಚ್ಚದ ಅಣ್ಣ, ಬಸ್ಸುಗಳ ಮಧ್ಯೆ ಕತ್ತಿನಲ್ಲಿ ಟೇಪಿನ ಸಮೇತ ನಿಂತು ನನ್ನ ಗೂಡನ್ನೇ ನೋಡುತ್ತಿದ್ದ. ನಾನು ಕೈ ಬೀಸಿದೆ. ಅವನೂ ಬೀಸಿದ. ತಿರುಗಿ ಹೊರಟುಹೋದ.

ಅವನು ತನಗಾಗಿ ಕೊಡದ ರಕ್ತವನ್ನು ನನಗಾಗಿ ಕೊಟ್ಟ. ಫಲಿತಾಂಶ ಕೇಳಲು ಇಬ್ಬರೂ ಹೋದೆವು. ಡಾಕ್ಟರು ಬಾಯಿ ತೆರೆಯುತ್ತಲೇ ಅಣ್ಣ ನನ್ನ ಕಿವಿಯಲ್ಲಿ, "ಫೋನಲ್ಲಿ ಕೇಳಿದ ಹಾಗೇ ಇದಾರೆ ಕಣೋ" ಎಂದ. ಅವನು ಅವರನ್ನೇ ಫೋನಿನ ವಿಷಯ ಕೇಳಹೊರಟಾಗ ನಾನು ಕೆಮ್ಮಿದೆ. ಎರಡನೇ ಸಲವೂ ಕೆಮ್ಮಿದೆ. ಮೂರನೇ ಸಲಕ್ಕೆ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ನೋಡಿದರು.

ಆಮೇಲೆ ಅಣ್ಣನ ಕಡೆ ತಿರುಗಿದರು. ರಕ್ತದಲ್ಲಿ ಕೆಟ್ಟ ಕೊಬ್ಬು ವಿಪರೀತ, ರಕ್ತನಾಳಗಳಿಂದ ಅದನ್ನು ಗುಡಿಸಿಕೊಂಡು ಹೋಗಬೇಕಾದ ಒಳ್ಳೆಯ ಕೊಬ್ಬು ಕಡಿಮೆ, ಬಿ.ಪಿ. ಏರಿದೆ, ಹೊಗೆ ಬೇರೆ, ಮೇಲೆ ಅಪ್ಪನ ಕಥೆ. "ಒಂದೊಂದೇ ಇದ್ದಿದ್ರೆ ಬೇರೆ ಮಾತು. ಎಲ್ಲಾ ಒಟ್ಟಿಗೆ ಕೂತಿವೆ. ನೋವು ಬರೋವರೆಗೂ ಇದು ಸದ್ದು ಮಾಡಲ್ಲ. ಮಾತ್ರೆ ದಿನಾ ತಗೋಬೇಕು, ಸಿಗರೇಟು ಬಿಡ್ಬೇಕು. ಅರ್ಥ ಆಯ್ತಾ?"

ಹೊರಗೆ ಬಂದು ಅಣ್ಣ ಕೇಳಿದ್ದು, "ನಿನಗೂ ಇದೇ ಮಾತ್ರೆನಾ?"

"ನಂದು ಇನ್ನೂ ಜೋರಿಂದು. ಕೆಂಪಗಿರುತ್ತೆ" ಎಂದೆ. ಔಷಧಿ ಅಂಗಡಿಯಲ್ಲಿ ಕೆಂಪಗಿರುವ ವಿಟಮಿನ್ ಮಾತ್ರೆ ಕೊಂಡೆ.

ಅಂದಿನಿಂದ ನನ್ನ ಪಾಳಿ ಮುಗಿದ ಮೇಲೆ ಅಂಗಡಿಗೆ ಹೋಗುವುದು, ಅಣ್ಣ ಮೊದಲು ನನ್ನ ಬಾಯಿಗೆ ಕೆಂಪು ಮಾತ್ರೆ ಹಾಕಿ, ನಾನು ನುಂಗಿದ್ದನ್ನು ನೋಡಿ, ಆಮೇಲೆ ತನ್ನದನ್ನು ನುಂಗುವುದು. ತಟ್ಟೆಯಲ್ಲಿ ಕರಿದದ್ದು ಕಂಡರೆ ನನ್ನ ಕೈ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದ, ಅದನ್ನು ತಾನೂ ಮುಟ್ಟುತ್ತಿರಲಿಲ್ಲ. ನನ್ನನ್ನು ಬೆಳಗ್ಗೆ ನಡೆಸಲು ತಾನೂ ನಡೆದ. ಸಿಗರೇಟು ಮಾತ್ರ ಕಡಿಮೆಯಾಯಿತೇ ಹೊರತು ಪೂರ್ತಿ ಬಿಡಲಿಲ್ಲ. ಓಣಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಡ್ಡಿ ಗೀರಿದ ಸದ್ದು ಕೇಳುತ್ತಿತ್ತು.

ಕೆಲವು ತಿಂಗಳ ಮೇಲೆ ಅವನ ಕೊಬ್ಬು ಇಳಿಯಿತು. ಖುಷಿಯಿಂದ ಮಾತ್ರೆಯ ಪಟ್ಟಿಯನ್ನು ಬುಟ್ಟಿಗೆ ಎಸೆದ. "ಹೊಲಿಗೆ ಮುಗಿದ ಮೇಲೆ ಸೂಜಿನ ಬಟ್ಟೆಯಲ್ಲೇ ಬಿಡ್ತಾರಾ?"

"ಡಾಕ್ಟ್ರು ಹೇಳಿಲ್ವಾ, ಇಳಿದಿರೋದೇ ಮಾತ್ರೆಯಿಂದ, ಬಿಟ್ರೆ ಮತ್ತೆ ಏರುತ್ತೆ ಅಂತ?"

"ನನಗೆ ಸಾಕು."

"ಸರಿ, ನಂದೂ ಎಸಿ. ಇಬ್ಬರೂ ಬಿಡೋಣ."

ಅವನು ನನ್ನನ್ನು ದುರುಗುಟ್ಟಿ ನೋಡಿದ. ಬಗ್ಗಿ, ಬಟ್ಟೆ ಚೂರುಗಳ ನಡುವಿನಿಂದ ಪಟ್ಟಿಯನ್ನು ಹೆಕ್ಕಿದ. ಅತ್ತಿಗೆ ತಲೆ ತಗ್ಗಿಸಿ ಇನ್ನಷ್ಟು ಬಿಗಿಯಾಗಿ ಗುಂಡಿ ಹೊಲಿದರು. ಅವರಿಗೆ ನನ್ನ ಗುಟ್ಟು ಗೊತ್ತಿತ್ತು.

ಆ ದಿನಗಳಲ್ಲೇ ಅವನು ನನಗೊಂದು ಕೋಟು ಹೊಲಿದ. ಕಾಲೇಜು ಮುಗಿದಾಗ ಹೊಲಿದುಕೊಡುತ್ತೇನೆಂದಿದ್ದ ಕೋಟು. ಗಿರಾಕಿಗಳ ಕೆಲಸದ ಕೆಳಗೆ ಹೂತುಹೋಗಿದ್ದ ಮಾತು. ಈಗ ಯಾಕೆ ಅವಸರ ಎಂದು ನಾನು ಕೇಳಲಿಲ್ಲ. ತೊಟ್ಟು ನೋಡಿ, "ಪಕ್ಕದಲ್ಲಿ ಏನೋ ದಪ್ಪಗೆ ಒತ್ತುತ್ತೆ ಅಣ್ಣ" ಎಂದೆ.

"ನಿನ್ನ ಕೊಬ್ಬು. ಸುಮ್ನಿರು."

ಅವನ ಕೈ ನನ್ನ ಭುಜದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು.

ಒಂದು ಬೆಳಗ್ಗೆ ಅಂಗಡಿ ತೆರೆದು ಅಣ್ಣ ದವಡೆ ಹಿಡಿದುಕೊಂಡು ಕೂತನಂತೆ. ಹಲ್ಲುನೋವಿರಬೇಕು ಎಂದನಂತೆ. ಬೆವರು ಸುರಿಯಿತಂತೆ. ಆಮೇಲೆ ಕತ್ತಿನಿಂದ ಟೇಪು ತೆಗೆದು ಅತ್ತಿಗೆಯ ಕೈಗೆ ಕೊಟ್ಟು, "ಇದ್ಯಾಕೋ ಭಾರ ಆಗ್ತಿದೆ ಕಣೆ" ಎಂದನಂತೆ. ಅತ್ತಿಗೆ ಹಲ್ಲುನೋವು ಎಂಬ ಮಾತನ್ನು ನಂಬಲಿಲ್ಲ. ಪಕ್ಕದ ಅಂಗಡಿಯವನ ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಮೈಕಿನಲ್ಲಿ ಯಾವುದೋ ಬಸ್ಸಿನ ಹೆಸರು ಅರ್ಧಕ್ಕೆ ಬಿಟ್ಟು ನಾನೂ ಓಡಿದೆ.

ಮುಚ್ಚಿದ್ದ ರಕ್ತನಾಳವನ್ನು ತೆರೆದರು. ಜೀವ ಉಳಿಯಿತು; ಹೃದಯದ ಒಂದು ಭಾಗ ಉಳಿಯಲಿಲ್ಲ. ಆ ಆಸ್ಪತ್ರೆಯ ರೋಗಿಗಳನ್ನು ನೋಡಲೂ ನಮ್ಮ ಡಾಕ್ಟರೇ ಬರುತ್ತಿದ್ದರು. ನನ್ನನ್ನು ಹೊರಗೆ ಕರೆದು, "ಮಾತ್ರೆ ಹೊಸದು ಕಟ್ಟೋದನ್ನ ತಡೀತು. ಹಳೇದು ವರ್ಷಗಟ್ಟಲೆ ಕೂತಿತ್ತು. ನಾವು ತಡವಾಗಿ ಬಂದ್ವಿ. ಹೃದಯಕ್ಕೆ ಬಲ ಇಲ್ಲ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ" ಎಂದರು. ಅಂದು ಮಾತ್ರ ಅವರು ಅರ್ಥ ಆಯ್ತಾ ಎಂದು ಕೇಳಲಿಲ್ಲ.

ಅಣ್ಣ ಮನೆಗೆ ಬಂದ. ಮಷೀನು ತುಳಿಯಲಾಗದೆ, ಕುರ್ಚಿಯಲ್ಲಿ ಕೂತು ಅತ್ತಿಗೆಗೆ ಕತ್ತರಿಸುವುದನ್ನು ಹೇಳಿಕೊಟ್ಟ. ಮುಂದಿನ ಮಳೆಗಾಲದವರೆಗೆ ಇದ್ದ. ಈಗ ಅಂಗಡಿ ಅತ್ತಿಗೆಯದು; ಅವರೂ ಗಿರಾಕಿಗಳ ಅಪ್ಪಂದಿರ ಸೊಂಟ ಕೇಳುತ್ತಾರೆ, ಒಮ್ಮೊಮ್ಮೆ ಎದೆಯನ್ನೂ ಕೇಳುತ್ತಾರೆ. ನನ್ನ ಕೋಟು ಬಿಗಿಯಾಗಿದೆ. "ಕೊಡಿ, ಬಿಚ್ಚಿ ಅಗಲ ಮಾಡ್ತೀನಿ" ಎಂದು ಎಷ್ಟೋ ಸಲ ಕೇಳಿದರು. ಅವನು ಹಾಕಿದ ಹೊಲಿಗೆಗೆ ಬ್ಲೇಡು ತಾಗಿಸಲು ನನಗೆ ಮನಸ್ಸು ಬರುವುದಿಲ್ಲ. ಗುಂಡಿ ಹಾಕದೆ ತೊಡುತ್ತೇನೆ.

ಆದರೆ ಕಥೆಯನ್ನು ಮಳೆಗಾಲದಲ್ಲಿ ನಿಲ್ಲಿಸಲು ನನಗಿಷ್ಟವಿಲ್ಲ. ಆಸ್ಪತ್ರೆಗೇ ಹಿಂದಿರುಗುತ್ತೇನೆ, ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದ ಆ ಬೆಳಗ್ಗೆಗೆ. ನಾನು ಮುಖ ಒರೆಸಿಕೊಂಡು ಅವರ ಹಿಂದೆಯೇ ವಾರ್ಡಿಗೆ ಹೋದೆ. ಅಣ್ಣ ದಿಂಬಿಗೊರಗಿ ಕೂತಿದ್ದ, ಎದೆಯ ತುಂಬ ವೈರು. ಅತ್ತಿಗೆ ಪಕ್ಕದಲ್ಲಿದ್ದರು.

"ಡಾಕ್ಟ್ರೇ, ನಂದಿರ್ಲಿ ಬಿಡಿ" ಎಂದ ಅಣ್ಣ. "ಇವನದು ಹೇಳಿ. ನಾನಿಲ್ಲಿ ಮಲಗಿದ್ರೆ ಇವನಿಗೆ ಮಾತ್ರೆ ಕೊಡೋರು ಯಾರು? ಇವನಿಗೇ ಅಪಾಯ ಜಾಸ್ತಿ ಅಂತ ನೀವೇ ಅವತ್ತು ಫೋನ್ ಮಾಡಿದ್ರಲ್ಲ."

"ಹೂಂ... ನಾನಾ? ಫೋನಾ?"

ನಾನು ಕೆಮ್ಮಿದೆ. ನರ್ಸು ನೀರು ತಂದುಕೊಟ್ಟರು.

"ನಾನು ಯಾರಿಗೂ ಫೋನ್ ಮಾಡಿಲ್ಲ. ಇವರ ರಕ್ತ ಚೆನ್ನಾಗೇ ಇತ್ತಲ್ಲ. ನಡೀರಿ, ತೂಕ ಇಳಿಸಿ ಅಂದಿದ್ದೆ, ಅಷ್ಟೇ. ಅರ್ಥ ಆಯ್ತಾ?" ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅಣ್ಣನಿಗೆ ಅರ್ಥವಾಗುತ್ತಿರುವುದು ಅವನ ಮುಖದಲ್ಲಿ ಕಾಣುತ್ತಿತ್ತು.

"ಆ ಕೆಂಪು ಮಾತ್ರೆ?"

"ವಿಟಮಿನ್ನು."

"ಫೋನು?"

ಮೂಗಿಗೆ ಗಾಳಿ ತುಂಬಿಕೊಂಡೆ. ಅದೇ ಧ್ವನಿ ಬಂತು: "ಹೂಂ... ನೋಡಿ, ನಿಮ್ಮ ತಮ್ಮನ ವಿಷಯ..."

ಆಚೆ ಮಂಚದ ಬಳಿ ಡಾಕ್ಟರು ಗಕ್ಕನೆ ತಿರುಗಿದರು. ಅತ್ತಿಗೆ ಅಳುತ್ತಿದ್ದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅಣ್ಣ ನನ್ನ ಮಣಿಕಟ್ಟು ಹಿಡಿದ. ಅವನ ಕಣ್ಣು ತುಂಬಿತ್ತು.

"ಹಾಗಾದ್ರೆ ನಿನಗೇನೂ ಇಲ್ವೇನೋ?"

"ಇಲ್ಲ ಅಣ್ಣ."

"ನಿಜ ಹೇಳು."

"ಅಪ್ಪನಾಣೆ."

ಮೊದಲು ಅವನ ಭುಜ ಕುಣಿಯಿತು. ಆಮೇಲೆ ಎದೆಯ ವೈರುಗಳು ಕುಣಿದವು, ಯಂತ್ರ ಕಿರುಚಿತು, ನರ್ಸು ಓಡಿ ಬಂದು ನಗಬೇಡಿ ನಗಬೇಡಿ ಎಂದು ಬೈಯುತ್ತಾ ತಾವೇ ನಕ್ಕರು. ಅತ್ತಿಗೆಯೂ ನಕ್ಕರು, ನಾನೂ ಒಂದು ಬಗೆಯಲ್ಲಿ ನಕ್ಕೆ.

"ಆ ಕೋಟಲ್ಲಿ ಅಂಗೈ ಅಗಲ ಬಟ್ಟೆ ಬಿಟ್ಟಿದೀನಿ ಕಣೋ ಕಳ್ಳ!" ಎಂದ ಅಣ್ಣ, ಉಸಿರು ಸಾಲದೆ. "ಯಾರ ಕೋಟಿಗೂ ಅಷ್ಟು ಬಿಟ್ಟಿಲ್ಲ... ಬದುಕ್ಲಿ ಅಂತ... ಗುಡಾಣ, ಇನ್ನು ಧೈರ್ಯವಾಗಿ ಊದ್ಕೊ!" ಎಂದು, ನಮ್ಮೆಲ್ಲರ ನಗುವನ್ನೂ ಮುಳುಗಿಸಿ, ವಾರ್ಡಿನ ಕೊನೆಯ ಮಂಚದವರೆಗೂ ಕೇಳುವಂತೆ ನಕ್ಕ.