ಬಳ್ಳಿಯ ಮೇಲಿನ ಆದಾಯ

“ಇವತ್ತೂ ಹಾಜರಿ ಕೂಗಿದಾಗ ನನ್ನ ‘ಎಸ್ ಸರ್’ ಭೀಮರಾಜ್ ಸರ್‌ಗೆ ಕೇಳಿಸಲಿಲ್ಲ. ಈ ತಿಂಗಳಲ್ಲಿ ನಾಲ್ಕನೇ ಸಲ. ಎರಡನೇ ಬೆಂಚಿನಲ್ಲಿ ಕೂತೂ ನಾನು ಗೈರುಹಾಜರು. ಹೀಗಾದರೆ ಸೆಮಿನಾರಿನ ದಿನ ಗತಿಯೇನು?”

ಡೈರಿಯಲ್ಲಿ ಇಷ್ಟು ಬರೆದು, ಕೊನೆಯ ಸಾಲನ್ನು ಪ್ರಮೋದಾ ತಾನೇ ಹೊಡೆದುಹಾಕಿದಳು. ಸೆಮಿನಾರಿನಲ್ಲಿ ಅವಳು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ವಿಶ್ವವಿದ್ಯಾಲಯದ ಎಂ.ಕಾಂ. ತರಗತಿಯಲ್ಲಿ ಇಬ್ಬಿಬ್ಬರಿಗೆ ಒಂದೊಂದು ವಿಷಯ. ಅವಳಿಗೆ ಜೊತೆಯಾದವಳು ದೇವನಹಳ್ಳಿಯ ಫರ್ಹಾ. “ನೀನ್ ಬರಿ, ನಾನ್ ಬಡ್ಕೋತೀನಿ,” ಎಂದು ಫರ್ಹಾ ಮೊದಲ ದಿನವೇ ಕೆಲಸ ಹಂಚಿಬಿಟ್ಟಿದ್ದಳು.

ಅವರ ವಿಷಯ, ಆದಾಯವನ್ನು ಯಾವ ದಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು. ಮಾರಿದ ವಸ್ತು ಕೊಂಡವನ ಹಿಡಿತಕ್ಕೆ ಹೋದ ದಿನ ಎನ್ನುತ್ತದೆ ಸಿದ್ಧಾಂತ. ಪುಸ್ತಕದ ಉದಾಹರಣೆಗಳೆಲ್ಲ ಕಾರು, ಫ್ರಿಜ್ಜು. ಪ್ರಮೋದಾ ಮಾತ್ರ ತಮ್ಮ ದ್ರಾಕ್ಷಿ ತೋಟವನ್ನೇ ಬರೆದಳು. ಅವರ ಕಡೆ ಹಣ್ಣನ್ನು ಬಳ್ಳಿಯ ಮೇಲೆಯೇ ಮಾರುವ ರೂಢಿ. ಕಾಯಿ ಬಣ್ಣ ತಿರುಗುವಾಗ ವ್ಯಾಪಾರಿ ಬಂದು, ಚಪ್ಪರದ ಕೆಳಗೆ ತಲೆ ಬಗ್ಗಿಸಿ ಒಂದು ಸುತ್ತು ನಡೆದು, ಇಡೀ ತೋಟಕ್ಕೊಂದು ಬೆಲೆ ಕಟ್ಟಿ ಅಡ್ವಾನ್ಸ್ ಕೊಡುತ್ತಾನೆ. ಈ ಸಲ ವ್ಯಾಪಾರಿ ಶಫೀವುಲ್ಲಾ ಸಾಬರ ಜೊತೆ ನಾಲ್ಕು ಲಕ್ಷಕ್ಕೆ ಮಾರ್ಚ್ ಕೊನೆಯಲ್ಲಿ ಮಾತಾಗಿತ್ತು. ಕೊಯ್ಲು ಏಪ್ರಿಲ್ ನಡುವಿನಲ್ಲಿ. ಮಾತಾದ ದಿನವೇ ಹಣ್ಣು ವ್ಯಾಪಾರಿಯ ಹಿಡಿತಕ್ಕೆ ಹೋಗಿ ಮಾರಾಟ ಮುಗಿಯಿತು, ಆದ್ದರಿಂದ ನಾಲ್ಕು ಲಕ್ಷವೂ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುವ ವರ್ಷದ ಆದಾಯ ಎಂದು ಬರೆದಳು. ವರದಿ ಬೈಂಡ್ ಆಗಿ ಭೀಮರಾಜ್ ಸರ್ ಮೇಜು ಸೇರಿತು.

ಸೆಮಿನಾರಿಗೆ ಮೂರು ದಿನವಿದ್ದಾಗ, ಭಾನುವಾರ, ತೋಟಕ್ಕೆ ಊಟ ಕೊಂಡುಹೋದಳು. ಅಪ್ಪ ಪಿಳ್ಳಪ್ಪ ಮೋಡ ನೋಡುತ್ತಾ ನಿಂತಿದ್ದ.

“ಮೋಡ ಕಂಡ್ರೆ ನಿಂಗ್ಯಾಕಪ್ಪಾ ಭಯ? ಮಾರಾಯ್ತಲ್ಲ.”

“ಮಾರಾಯ್ತಾ?” ಪಿಳ್ಳಪ್ಪ ನಕ್ಕ. “ಚೆನ್ನಾಗ್ ಓದ್ದೆ ಕಣವ್ವ ಎಂಕಾಮು! ಆಲಿಕಲ್ಲು ಬಿದ್ರೆ ಶಫೀವುಲ್ಲಾ ಸಾಬ್ರು ಮತ್ತೆ ಬಂದು ಕೂತ್ಕೋತಾರೆ, ಬೆಲೆ ಇಳಿಸ್ಬೇಕು. ಪೂರ್ತಿ ಹೋದ್ರೆ ಅಡ್ವಾನ್ಸೂ ವಾಪಸ್. ಹೋದೊರ್ಷ ಅರ್ಧ ಅಡ್ವಾನ್ಸ್ ನಾವ್ ವಾಪಸ್ ಕೊಡ್ಲಿಲ್ವಾ? ನೀನ್ ಹಾಸ್ಟೆಲ್‌ನಾಗಿದ್ದೆ. ಕತ್ರಿ ಬೀಳೋಗಂಟ ಹಣ್ಣು ನಮ್ದೇ. ನೀರು ಬಿಡೋರು ನಾವೇ, ಔಸ್ದಿ ಹೊಡ್ಯೋರು ನಾವೇ.”

ಪ್ರಮೋದಾಳ ಕೈಯಲ್ಲಿದ್ದ ಡಬ್ಬಿ ಕೈಯಲ್ಲೇ ಉಳಿಯಿತು. ಸ್ವಂತ ಮನೆಯದಲ್ಲವೇ ಎಂದು ಅವಳು ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಹಿಡಿತವೂ ದಾಟಿಲ್ಲ, ನಷ್ಟದ ಭಯವೂ ದಾಟಿಲ್ಲ. ಹಾಗಾದರೆ ನಾಲ್ಕು ಲಕ್ಷ ಆ ವರ್ಷದ ಆದಾಯವೇ ಅಲ್ಲ. ಕೈಗೆ ಬಂದ ಅಡ್ವಾನ್ಸ್ ಕೂಡ ತಲೆಯ ಮೇಲಿನ ಹೊಣೆ. ಇಡೀ ವರದಿ ನಿಂತಿದ್ದದ್ದು ಆ ಒಂದು ಪುಟದ ಮೇಲೆ.

ಫರ್ಹಾಗೆ ಫೋನ್ ಮಾಡಿ, ತಪ್ಪನ್ನು ಸರ್‌ಗೆ ಹೇಳಿಬಿಡೋಣ ಎಂದಳು.

“ಸುಮ್ನಿರೇ ತಾಯಿ! ಮೂಲದಲ್ಲೇ ತಪ್ಪಿದ್ರೆ ಅರ್ಧ ಮಾರ್ಕ್ಸ್ ಕಟ್ ಅಂತ ಸರ್ ಹೇಳಿಲ್ವಾ? ಇಪ್ಪತ್ರಲ್ಲಿ ಹತ್ತು ಹೋಗುತ್ತೆ, ಇಬ್ರಿಗೂ. ದ್ರಾಕ್ಷಿ ವಿಷ್ಯ ಅವ್ರಿಗೇನ್ ಗೊತ್ತು?”

“ನಂಗ್ ಗೊತ್ತಲ್ಲ.”

“ಹಂಗಾದ್ರೆ ನೀನೇ ಎದ್ದು ಹೇಳು, ನಾನಂತೂ ಹೇಳಲ್ಲ. ಪಕ್ಕದಲ್ ಕೂತಿರೋ ನಂಗೇ ನಿನ್ ಮಾತು ಕೇಳ್ಸಲ್ಲ, ಇನ್ನು ಅವ್ರಿಗೆ ಕೇಳ್ಸುತ್ತಾ!”

ಅದು ತಮಾಷೆಯೋ ಸಿಟ್ಟೋ, ಪ್ರಮೋದಾಗೆ ತಿಳಿಯಲಿಲ್ಲ. ಹಟ ಮಾತ್ರ ಬಂತು. ಆ ಅಧ್ಯಾಯವನ್ನು ಮೊದಲಿನಿಂದ ಓದಿದಳು. ಅಪ್ಪನ ಫೋನ್ ತೆಗೆದುಕೊಂಡು, ನಾಲ್ಕು ಸಲ ನಂಬರ್ ಒತ್ತಿ ಅಳಿಸಿ, ಐದನೇ ಸಲ ಶಫೀವುಲ್ಲಾ ಸಾಬರನ್ನೇ ಕೇಳಿದಳು. “ಹೌದಮ್ಮಾ, ಕೊಯ್ದು ಕ್ರೇಟಿಗೆ ಹಾಕೋವರ್ಗೂ ನಿಮ್ಮಪ್ಪಂದೇ. ಯಾಕೆ, ರೇಟ್ ಜಾಸ್ತಿ ಮಾಡ್ಸೋಕಾ?” ಎಂದು ಅವರು ನಕ್ಕರು. ಸರಿಯಾದ ಲೆಕ್ಕವನ್ನು ಹೊಸದಾಗಿ ಒಂದು ಹಾಳೆಯಲ್ಲಿ ಬರೆದು ಮಡಿಚಿಟ್ಟಳು. ಹಾಳೆಯನ್ನು ಸುಮ್ಮನೆ ಸರ್ ಮೇಜಿನ ಮೇಲಿಟ್ಟು ಬಂದರಾಯಿತಲ್ಲ ಎಂದೂ ಒಮ್ಮೆ ಅನ್ನಿಸಿತು. ಆದರೆ ಹೆಸರಿಲ್ಲದ ಹಾಳೆಯನ್ನು ಯಾರು ನಂಬುತ್ತಾರೆ?

ಬುಧವಾರ ಫರ್ಹಾ ಚೆನ್ನಾಗಿ ಮಾತಾಡಿದಳು, ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಟ್ಟು ಕೇಳುವಷ್ಟು.

“ನೋಡ್ರಪ್ಪಾ, ಉದಾಹರಣೆ ಅಂದ್ರೆ ಹಿಂಗಿರ್ಬೇಕು,” ಎಂದರು ಭೀಮರಾಜ್ ಸರ್. “ನಮ್ಮ ನೆಲದ್ದು. ಮುಂದಿನ ಬ್ಯಾಚಿನ ನೋಟ್ಸಿಗೆ ಇದನ್ನೇ ಹಾಕ್ತೀನಿ. ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?”

ಯಾರಿಗೂ ಇರಲಿಲ್ಲ; ಕ್ಯಾಂಟೀನಿಗೆ ಹೋಗುವ ಹೊತ್ತು. ಸರ್ ಅಂಕದ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಮುಂದಿನ ವರ್ಷ ಐವತ್ತು ಜನ ಆ ತಪ್ಪನ್ನೇ ಬಾಯಿಪಾಠ ಮಾಡುತ್ತಾರೆ.

ಪ್ರಮೋದಾ ಎದ್ದಳು. ವೇದಿಕೆಯಿಂದಲೇ ಫರ್ಹಾ ಬೇಡವೆಂದು ಕಣ್ಣು ಬಿಟ್ಟಳು. ಮೊದಲ ಸಲ ಬರಿಯ ಉಸಿರು ಬಂತು, ಸರ್ ತಲೆಯೆತ್ತಲಿಲ್ಲ. ಅವಳು ಬೆಂಚಿನಿಂದ ಹೊರಬಂದು, ಮೇಜಿನ ಎದುರಿಗೇ ಹೋಗಿ ನಿಂತಳು. ಗಂಟಲಿನಲ್ಲಿದ್ದ ಮಾತು ಈಗ ಇಡೀ ಕೋಣೆಗೆ ಕೇಳಿಸಿತು.

“ಸರ್, ಆ ಉದಾಹರಣೆ ತಪ್ಪು. ಬರ್ದಿದ್ದು ಫರ್ಹಾ ಅಲ್ಲ, ನಾನು.”