ನಿಲುವಂಗಿಯ ತೋಳಿನೊಳಗೆ

ನಮ್ಮ ಸಂಪ್ರದಾಯದಲ್ಲಿ ಹೋಮದ ಬೆಂಕಿಯನ್ನು ಊರೆಲ್ಲ ನೋಡಬಹುದು, ಹೋಮ ಮಾಡುವವನ ಕೈಯನ್ನು ಯಾರೂ ನೋಡಬಾರದು. ಮುದ್ರೆಗಳೆಲ್ಲ ನಿಲುವಂಗಿಯ ಅಗಲ ತೋಳಿನೊಳಗೇ ನಡೆಯುತ್ತವೆ. ಗುರು ತೋಳು ಸರಿಸಿ ಶಿಷ್ಯನಿಗೆ ತೋರಿಸುತ್ತಾನೆ, ಶಿಷ್ಯ ಮುಂದೆ ತನ್ನ ಶಿಷ್ಯನಿಗೆ. ಭಾರತದಿಂದ ಚೀನಾಕ್ಕೆ, ಅಲ್ಲಿಂದ ನಮ್ಮ ಮಹಾಗುರುವಿನ ಜೊತೆ ಹಡಗು ಹತ್ತಿ, ಜಪಾನಿನ ಆವಾ ಸೀಮೆಯ ಈ ಮೂಲೆಯ ಗುಡಿಯವರೆಗೆ ಅದು ಕೈಯಿಂದ ಕೈಗೇ ಬಂದಿದೆ. ಗ್ರಂಥಗಳಿಲ್ಲವೆಂದಲ್ಲ. ಆದರೆ ಮುಖ್ಯವಾದ ಜಾಗಕ್ಕೆ ಬಂದ ಕೂಡಲೇ ಅವು ‘ಇದನ್ನು ಗುರುವಿನಿಂದ ಕೇಳಿ ತಿಳಿಯುವುದು’ ಎಂದು ಹೇಳಿ ಸುಮ್ಮನಾಗುತ್ತವೆ. ಕಲಿತವನಿಗೂ ಕಲಿಯದವನಿಗೂ ನಿಲುವಂಗಿಯ ತೋಳು ಒಂದೇ ಅಳತೆಯದು.

ನನ್ನ ತಂಗಿ ಸತೊಯೆಯ ಗಂಡ ಶುನ್‌ಕೈ ಈ ಗುಡಿಯ ಅರ್ಚಕ. ಗಂಟೆಯಂಥ ದನಿ. ಅವನು ಮಂತ್ರ ಹೇಳಿದರೆ ಕೊನೆಯ ಸಾಲಿನ ಕಿವುಡಜ್ಜಿಯೂ ತಲೆದೂಗುತ್ತಾಳೆ. ಒಂದು ಮಧ್ಯಾಹ್ನ ಗೋ ಆಟದ ಹಲಗೆಯ ಮುಂದೆ ಕೂತವನು ಕಾಯಿ ಇಡದೆ ಕೈಯಲ್ಲೇ ತಿರುಗಿಸುತ್ತಿದ್ದ. ಸೋಲುತ್ತಿದ್ದವನು ನಾನು. ಅವನಿಗೇನು ಸಂಕಟ ಎಂದು ನನಗೆ ಆಶ್ಚರ್ಯ.

“ಭಾವ, ಬೆಂಕಿಗೋಡೆ ಮುದ್ರೆ ನನಗೆ ಬರಲ್ಲ” ಎಂದ.

ಹೋಮಕುಂಡದ ಸುತ್ತ ಬೆಂಕಿಯ ಗೋಡೆ ಎಬ್ಬಿಸಿ ದುಷ್ಟಶಕ್ತಿಗಳನ್ನು ಹೊರಗಿಡುವ ಮುದ್ರೆ ಅದು. ಅದಿಲ್ಲದೆ ಹೋಮ ಮಾಡುವುದೆಂದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

“ಬರಲ್ಲ ಅಂದ್ರೆ? ಮರ್ತ್ಹೋಯ್ತಾ?”

“ಕಲ್ತಿದ್ರೆ ತಾನೇ ಮರೆಯೋದು.”

ಹರೆಯದಲ್ಲಿ ಮೂಲಮಠದ ಬೆಟ್ಟದ ಮೇಲೆ ತರಬೇತಿಗಿದ್ದಾಗಿನ ಮಾತು. ಮಾಘದ ಚಳಿ, ಬೆಳಗ್ಗೆ ತಣ್ಣೀರು ಸ್ನಾನ. ಗುರುಗಳು ತೋಳು ಸರಿಸಿ ಆ ಮುದ್ರೆ ತೋರಿಸುವ ಹೊತ್ತಿಗೆ ಶುನ್‌ಕೈಯ ಮನಸ್ಸು ಬಿಸಿ ಊದೋನ್ ಶಾವಿಗೆಯ ಬಟ್ಟಲಿನ ಮೇಲಿತ್ತು. ಕಣ್ಣು ತಿರುಗಿಸುವಷ್ಟರಲ್ಲಿ ತೋಳು ಇಳಿದಾಗಿತ್ತು. ಪಕ್ಕದಲ್ಲಿದ್ದ ಕಕುಜೋ ಎಂಬ ಸಹಪಾಠಿ “ಇನ್ನೊಂದ್ಸಲ ತೋರಿಸಿ” ಎಂದು ಕೇಳಿ, ತೋರಿಸಿಕೊಂಡು, ಮತ್ತೂ ಒಮ್ಮೆ ಕೇಳಿ ಬೈಸಿಕೊಂಡ. ಆ ಬೈಗುಳ ಕಿವಿಗೆ ಬಿದ್ದ ಮೇಲೆ ಶುನ್‌ಕೈ ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ.

“ಅಲ್ಲಿಂದ ಇಲ್ಲೀವರೆಗೆ ಏನು ಮಾಡ್ತಿದ್ದೆ?”

ಅವನು ಕಾಯಿ ಕೆಳಗಿಟ್ಟು, ಹೆಬ್ಬೆಟ್ಟುಗಳನ್ನು ಮುಷ್ಟಿಯೊಳಗೆ ಸೇರಿಸಿ, ಒಂದು ಮುಷ್ಟಿಯನ್ನು ಇನ್ನೊಂದರ ಮೇಲೆ ಕವುಚಿ ತೋರಿಸಿದ.

“ಇದನ್ನ ನಾನು ಬಸ್ ಕಾಯೋವಾಗ ದಿನಾ ಮಾಡ್ತೀನಲ್ಲೋ!”

“ಹೂಂ. ಅವತ್ತು ಕೈ ಮರಗಟ್ಟಿತ್ತು. ಬೆಚ್ಚಗೆ ಮಾಡ್ಕೋತಿದ್ದೆ. ಅದೇ ರೂಢಿ ಆಗ್ಹೋಯ್ತು.”

ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ. ವಿಷಯ ಅಷ್ಟೇ ಆಗಿದ್ದರೆ ತೋಳಿನೊಳಗೇ ಸಾಯುತ್ತಿತ್ತು. ಆದರೆ ಅವನ ಮಗಳು ಚಿಜುರು ಅದೇ ಬೆಟ್ಟದಲ್ಲಿ ತರಬೇತಿ ಮುಗಿಸಿ ಬಂದಿದ್ದಳು. ಈ ಗುಡಿಯ ಹೋಮ ಮುಂದೆ ಅವಳದು. ಗುಡಿಗುಡಿಗೂ ಪದ್ಧತಿ ತುಸು ಬೇರೆ ಇರುವುದರಿಂದ, ಪ್ರತಿ ಮುದ್ರೆಯನ್ನೂ ಅಪ್ಪನಿಂದ ಮತ್ತೆ ಕಲಿಯಲು ಕೂತಿದ್ದಳು.

“ಬೆಂಕಿಗೋಡೆಗೆ ಬಂದಾಗ, ‘ಬೆಟ್ಟದಲ್ಲಿ ಹೀಗೆ ಹೇಳ್ಕೊಟ್ರಪ್ಪ’ ಅಂತ ಅವಳೇ ತೋರಿಸಿದ್ಳು ಭಾವ. ನಾನು ಅದನ್ನ ಸರಿಯಾಗಿ ಕಂಡದ್ದು ಅದೇ ಮೊದಲು.”

“ಸದ್ಯ. ಕೇಳದೇನೇ ಸಿಕ್ತಲ್ಲ.”

“‘ನಮ್ಮಲ್ಲಿ ಹೀಗೆ’ ಅಂತ ಇದನ್ನ ತೋರಿಸ್ಬಿಟ್ಟೆ.” ಅವನ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. “ಅವಳು ನೆಲಕ್ಕೆ ಹಣೆ ಹಚ್ಚಿ ಕಲಿತ್ಕೊಂಡ್ಳು.”

“ಹೋಗಿ ಹೇಳಿಬಿಡು.”

“ಅಪ್ಪ ತಪ್ಪು ಮಾಡ್ದ ಅಂತ ಹೇಳ್ಬಹುದು. ಗುರು ಸುಳ್ಳು ಕಲಿಸ್ದ ಅಂತ ಹೇಗೆ ಹೇಳ್ಲಿ?”

ಅವತ್ತು ಹೇಳಲಿಲ್ಲ, ಆ ತಿಂಗಳೂ ಹೇಳಲಿಲ್ಲ. ಚಿಜುರು ಹೋಮಕ್ಕೆ ಕೂರತೊಡಗಿದಳು. ಶುನ್‌ಕೈ ಹಿಂದೆ ಕೂತು ಮಂತ್ರ ಹೇಳುತ್ತಿದ್ದ. ಒಂದು ಜಾಗದಲ್ಲಿ ಮಾತ್ರ ಅವನ ಗಂಟೆದನಿ ಬಿರುಕುಬಿಟ್ಟ ಹಾಗೆ ಕೇಳಿಸುತ್ತಿತ್ತು. ಯಾವ ಜಾಗವೆಂದು ನನಗೆ ಗೊತ್ತಿತ್ತು. ಸತೊಯೆ ಮಾತ್ರ ಗಂಟಲಿಗೆಂದು ಶುಂಠಿ ಕಷಾಯ ಕುದಿಸಿ ಕುಡಿಸಿದಳು.

ಆಮೇಲೆ ಕಕುಜೋನ ಫೋನ್ ಬಂತು. ಬೈಸಿಕೊಂಡ ಆ ಸಹಪಾಠಿ ಈಗ ದೊಡ್ಡ ವಿದ್ವಾಂಸ. ಮೂಲೆ ಮೂಲೆಯ ಗುಡಿಗಳಲ್ಲಿ ಅಳಿದುಳಿದ ಪದ್ಧತಿಗಳನ್ನು ಹುಡುಕಿ ತರುಣ ಅರ್ಚಕರಿಗೆ ಕಲಿಸುವುದೇ ಅವನ ಕೆಲಸ. ಚಿಜುರು ಹೆಮ್ಮೆಯಿಂದ ಅವನ ಹತ್ತಿರ ‘ನಮ್ಮ ಗುಡಿಯ ಬೆಂಕಿಗೋಡೆ ಬೇರೆ’ ಎಂದಿದ್ದಳು. ಈ ತಿಂಗಳ ಇಪ್ಪತ್ತೆಂಟರ ಹೋಮಕ್ಕೆ ಬರುತ್ತೇನೆ, ನೋಡಿ ಒಪ್ಪಿಗೆಯಾದರೆ ಮುಂದಿನ ತಂಡಕ್ಕೆ ಅದನ್ನೂ ಕಲಿಸುತ್ತೇನೆ ಎಂದ.

ಬಸ್ ಕಾಯುವವನ ಕೈ ಮಹಾಗುರುವಿನ ಪರಂಪರೆಯಲ್ಲಿ ಸೇರಿಹೋಗಲು ಇನ್ನು ಒಂದೇ ವಾರ.

ಕಕುಜೋ ಕೆಂಪುಕಾಳಿನ ಹೂರಣದ ಮಂಜೂ ಕಡುಬಿನ ಪೆಟ್ಟಿಗೆ ಹಿಡಿದು ಬಂದ. ಹೋಮ ಮುಗಿದು ಭಕ್ತರು ಹೋದ ಮೇಲೆ ಮೂವರೂ ಒಳಕೋಣೆ ಸೇರಿದರು. ದೀಕ್ಷೆಯಿಲ್ಲದ ನಾನು ಒಳಗೆ ಹೋಗುವಂತಿಲ್ಲ. ಚಹದ ತಟ್ಟೆ ಹಿಡಿದು ಕಾಗದದ ಬಾಗಿಲಿನಾಚೆ ಕೂತೆ. ಕಿವಿಗೆ ದೀಕ್ಷೆ ಬೇಡ.

ಚಿಜುರುವಿನ ತೋಳು ಸರಿದ ಸದ್ದು.

“ಹೆಬ್ಬೆಟ್ಟು ಒಳಗೆ...” ಕಕುಜೋನ ದನಿ ಒದ್ದೆಯಾಗಿತ್ತು. “ಬೆಂಕೀನ ಹೊರಗೆ ಎಬ್ಬಿಸದೆ ಗರ್ಭದಲ್ಲಿ ಇಟ್ಕೊಳ್ಳೋದು. ಏನಯ್ಯಾ ಶುನ್‌ಕೈ, ಇಷ್ಟು ವರ್ಷ ಮುಚ್ಚಿಟ್ಟಿದ್ದೆಯಲ್ಲೋ ಕಳ್ಳ! ಗುರುಗಳು ನಿನಗೊಬ್ಬನಿಗೇ ಕೊಟ್ಟಿದ್ರು. ನಾನು ಎರಡೆರಡು ಸಲ ಕೇಳಿ ಮಾನ ಕಳ್ಕೊಂಡೆ. ನೀನು ಕೇಳಲೇ ಇಲ್ಲ. ಒಂದೇ ನೋಟಕ್ಕೆ ಕಲ್ತ ಅಂತ ನನಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?”

“ಕಕುಜೋ, ಅದು ಮುದ್ರೆ ಅಲ್ಲ.”

“ಹೂಂ.”

“ಚಳಿಗೆ ಕೈ ಬೆಚ್ಚಗೆ ಮಾಡ್ಕೋತಿದ್ದೆ ಕಣೋ.”

“ಗೊತ್ತಾಯ್ತು, ಗೊತ್ತಾಯ್ತು” ಎಂದು ಕಕುಜೋ ಭಕ್ತಿಯಿಂದ ಪಿಸುಗುಟ್ಟಿದ. “ಬಾಯಿ ಬಿಟ್ಟು ಹೇಳ್ಬಾರದ್ದು. ನಾನೂ ಕೇಳಲ್ಲ.”

ನಮ್ಮವರ ಕಷ್ಟ ಇದೇ. ಗುಟ್ಟು ಕಾಯುವವನೂ ‘ಇಲ್ಲ’ ಎನ್ನುತ್ತಾನೆ, ಗುಟ್ಟಿಲ್ಲದವನೂ ‘ಇಲ್ಲ’ ಎನ್ನುತ್ತಾನೆ.

“ಅಪ್ಪ ಯಾವಾಗ್ಲೂ ಹೀಗೇ ಸರ್, ಸಂಕೋಚ” ಎಂದಳು ಚಿಜುರು. ದನಿಯಲ್ಲಿ ನಗುವಿತ್ತು.

ಆಗ ಚಾಪೆಯ ಮೇಲೆ ಮೊಣಕಾಲು ಜರುಗಿದ ಸದ್ದು ಕೇಳಿತು. ಗುರುವಿನ ಜಾಗ ಬಿಟ್ಟು ಯಾರೋ ಬಾಗಿಲ ಕಡೆಗೆ, ಶಿಷ್ಯರು ಕೂರುವ ಜಾಗಕ್ಕೆ ಬರುತ್ತಿದ್ದರು. ಬಾಗಿಲಿನ ಕಾಗದದ ಮೇಲೆ ಶುನ್‌ಕೈಯ ಬೋಳುತಲೆಯ ನೆರಳು ಬಿತ್ತು. ಆಮೇಲೆ ಬಗ್ಗಿ ಮಾಯವಾಯಿತು. ಹಣೆ ನೆಲಕ್ಕೆ ತಾಗಿತು.

“ಚಿಜುರು, ಬೆಟ್ಟದಲ್ಲಿ ಕಲ್ತಿದ್ದು ನನಗೆ ತೋರಿಸಮ್ಮ. ನಂಗೆ ಬರಲ್ಲ.”

“ಅಪ್ಪಾ, ಏಳಿ. ಏನಿದು, ಸರ್ ಎದುರಿಗೆ...”

“ಅವರ ಎದುರಿಗೇ ತೋರಿಸು.”

ಮಗಳ ದನಿಯ ನಗು ಇಂಗಿಹೋಯಿತು. “ಅಂದ್ರೆ ನಾನು ಇಷ್ಟು ದಿನ... ಯುಕಿಯೆ ಅಜ್ಜಿ ಕಣ್ಣಿನ ಆಪರೇಷನ್ನಿಗೆ ಮಾಡಿದ ಹೋಮದಲ್ಲೂ...?”

“ಹೌದು.”

“ನಾನು ಸರಿಯಾದ್ದನ್ನೇ ತೋರಿಸಿದ್ದೆ ನಿಮಗೆ.”

“ಹೌದಮ್ಮ.”

ಅಂಥ ಮಾತುಗಾರ ಕಕುಜೋ, ತೋಟದ ಪೈನ್ ಮರ ಚೆನ್ನಾಗಿ ಬೆಳೆದಿದೆ ಎಂದಷ್ಟೇ ಹೇಳಿ ಅತ್ತ ತಿರುಗಿ ಕೂತನೆಂದು ಕಾಣುತ್ತದೆ. ದನಿ ಗೋಡೆಯ ಕಡೆಯಿಂದ ಬಂತು.

ತೋಳು ಮತ್ತೆ ಸರಿಯಿತು. ಬಾಗಿಲಿನ ಕಾಗದ ತೆಳು. ನಾನು ಮುಖವನ್ನು ಚಹದ ತಟ್ಟೆಯ ಮೇಲೆ ಬಗ್ಗಿಸಿದೆ. ದೀಕ್ಷೆಯಿಲ್ಲದವನು ನೋಡಬಾರದೆಂಬುದು ಒಂದು ಕಾರಣ. ಆದರೆ ದೀಕ್ಷೆಯಿದ್ದಿದ್ದರೂ ಆ ಹೊತ್ತು ನೋಡುತ್ತಿರಲಿಲ್ಲ.

“ಹೆಬ್ಬೆಟ್ಟು ಹೊರಗೆ” ಎಂದಳು ಚಿಜುರು. ಅಪ್ಪ ಎಂದೂ ಕರೆಯಲಿಲ್ಲ, ಗುರು ಎಂದೂ ಕರೆಯಲಿಲ್ಲ. “ಹಾಗಲ್ಲ. ಅದು ಮತ್ತೆ ಒಳಗೆ ಹೋಗ್ತಿದೆ.”

ಅರ್ಧ ಆಯುಷ್ಯ ಒಳಗೇ ಇದ್ದ ಹೆಬ್ಬೆಟ್ಟು. ಅದಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಬಟ್ಟೆಯ ಸರಸರ ಮಾತ್ರ. ಆಮೇಲೆ ಶುನ್‌ಕೈ ಕೇಳಿದ. ಗಂಟೆದನಿಯಲ್ಲ, ಕಿವುಡಜ್ಜಿಗೆ ಖಂಡಿತ ಕೇಳಿಸದಂಥ ದನಿ.

“ಇನ್ನೊಂದ್ಸಲ ತೋರಿಸಿ.”

ಮಗಳನ್ನು ಅವನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವಳು ತೋರಿಸಿದಳು. ನಾನು ತಣ್ಣಗಾದ ಚಹ ಎತ್ತಿಕೊಂಡು ಬಿಸಿಮಾಡಲು ಅಡುಗೆಮನೆಗೆ ಹೋದೆ.